ಎಡಗಡೆ ಸರಪಳಿಗೆ ಒಂದು ಕೊಂಡಿ ಕಡಿಮೆ

ಹೋದ ವಾರ, ಕ್ರಿಕೆಟ್ ಮೈದಾನದಲ್ಲಿ ನಾನು ಬಿಟ್ಟುಬಂದ ಜಾಗಕ್ಕೆ ಸೇರಿರುವ ಹೊಸ ಇನ್‌ಚಾರ್ಜ್ ಫೋನ್ ಮಾಡಿದ್ದರು. ಹುಲ್ಲಿನ ವಿಷಯವನ್ನೇ ಕಾಲೇಜಿನಲ್ಲಿ ಓದಿ ಬಂದ ಹುಡುಗಿ. ಹುಲ್ಲು ಕತ್ತರಿಸುವ ಗಾಡಿಯ ಹಿಂದೆ ನಾನು ಕಟ್ಟಿದ್ದ ರೋಲರನ್ನು ಬಿಚ್ಚಿ ಬಣ್ಣ ಹೊಡೆಸುತ್ತಿದ್ದರಂತೆ. ಅದನ್ನು ತೂಗುಹಾಕಿರುವ ಎರಡು ಸರಪಳಿಗಳಲ್ಲಿ ಬಲಗಡೆಯದಕ್ಕೆ ಒಂಬತ್ತು ಕೊಂಡಿ, ಎಡಗಡೆಯದಕ್ಕೆ ಎಂಟೇ ಕೊಂಡಿ. "ಅಂಕಲ್, ಯೆ ಗಲತಿ ಸೆ ಹುವಾ ಹೈ ಕ್ಯಾ? ಠೀಕ್ ಕರ್ ದೂಂ?" ಎಂದು, ಇದು ತಪ್ಪಿನಿಂದ ಆದದ್ದೇ, ಸರಿಮಾಡಲೇ ಎಂದು ಕೇಳಿದರು. ಇಲ್ಲಿ ಮರಾಠಿ ನಾಡಿನ ಕಲ್ಯಾಣದಲ್ಲಿ ಹುಟ್ಟಿದ ಕನ್ನಡದವರ ಮಗಳು. ನಾನು ಕನ್ನಡದಲ್ಲಿ ಹೇಳಿದ್ದೆಲ್ಲ ತಿಳಿಯುತ್ತದೆ, ಉತ್ತರ ಮಾತ್ರ ಹಿಂದಿಯಲ್ಲಿ ಬರುತ್ತದೆ. ದಯವಿಟ್ಟು ಮುಟ್ಟಬೇಡಿ ಎಂದೆ. ಯಾಕೆ ಎಂದರು. ಫೋನಿನಲ್ಲಿ ಹೇಳಿ ಮುಗಿಯುವುದಿಲ್ಲ, ಬರೆದು ಕಳಿಸುತ್ತೇನೆ ಎಂದೆ. ಅವರಂತೆಯೇ ಈ ಕೆಲಸಕ್ಕೆ ಹೊಸದಾಗಿ ಸೇರುವ ಇನ್ನೂ ನಾಲ್ಕು ಜನ ಓದಿದರೆ ನಷ್ಟವೇನಿಲ್ಲ ಎಂದು ಸ್ವಲ್ಪ ಉದ್ದವಾಗಿಯೇ ಬರೆಯುತ್ತಿದ್ದೇನೆ.

ನಾನು ಉಡುಪಿ ಕಡೆಯ ಆಚಾರ್ಯ. ನಮ್ಮ ಮನೆತನದ ಕಸುಬು ಕಬ್ಬಿಣದ್ದು. ಆದರೆ ನಮ್ಮ ಊರ ಕಡೆಯಿಂದ ಇಲ್ಲಿಗೆ ಬಂದವರೆಲ್ಲ ಹೋಟೆಲಿನಲ್ಲೇ ಹುಟ್ಟಿದವರು ಎಂದು ಇಲ್ಲಿಯವರ ಗಟ್ಟಿ ನಂಬಿಕೆ. ಅದರ ಮೇಲೆ ಮರಾಠಿಯಲ್ಲಿ ಆಚಾರಿ ಎಂದರೆ ಅಡುಗೆಯವನು. ಖಾರಘರದ ಆ ಕ್ಲಬ್ಬಿನ ಮೈದಾನಕ್ಕೆ ಮೆಕ್ಯಾನಿಕ್ ಎಂದು ಸೇರಿದ ಮೊದಲ ದಿನ ಆಫೀಸಿನ ಗುಮಾಸ್ತ ನನ್ನ ಹೆಸರು ಕೇಳಿದ್ದೇ ತಡ, ಸೀದಾ ಕ್ಯಾಂಟೀನಿಗೆ ಕಳಿಸಿಬಿಟ್ಟ. ನಾನೂ ಹೊಸಬ, ದೊಡ್ಡ ಕ್ಲಬ್ಬುಗಳಲ್ಲಿ ಹೀಗೇ ಪರೀಕ್ಷೆ ಮಾಡುತ್ತಾರೋ ಏನೋ ಎಂದುಕೊಂಡು ಒಂದು ಗಂಟೆ ಹೊತ್ತು ಈರುಳ್ಳಿ ಹೆಚ್ಚಿದೆ. ಕ್ಯಾಂಟೀನಿನವರು ಮೆಚ್ಚಿದರು ಕೂಡ.

ಆಮೇಲೆ ಇನ್‌ಚಾರ್ಜ್ ಆದದ್ದು ಹೇಗೆ ಎಂಬುದು ಇಲ್ಲಿ ಬೇಡ. ನನಗಿಂತ ಮೊದಲಿನವರು ನಿವೃತ್ತರಾದರು, ಅಷ್ಟೇ. ಆ ಪಟ್ಟ ಸಿಕ್ಕಿದ ವರ್ಷವೇ ನಾನು ಮಾಡಿದ ಒಂದು ಘನಕಾರ್ಯವನ್ನು ಮಾತ್ರ ಹೇಳಿಬಿಡುತ್ತೇನೆ. ಮಳೆ ಶುರುವಾಗುವಾಗ ಹುಲ್ಲಿಗೆ ಯೂರಿಯಾ ಹಾಕಬೇಕು. ಹರಡಲು ಒಂದು ತಳ್ಳುಗಾಡಿ ಇತ್ತು. ಅದು ಕೆಟ್ಟಿತ್ತು. ಕೈಯಲ್ಲಿ ಎರಚಿದರೆ ಆಗದೇ ಎಂದು ಬಕೆಟ್ ಹಿಡಿದು ನಾನೇ ಇಳಿದೆ. ಹದಿನೈದು ದಿನ ಕಳೆದ ಮೇಲೆ ನಾನು ಎಲ್ಲೆಲ್ಲಿ ನಡೆದಿದ್ದೆನೋ, ಎಲ್ಲೆಲ್ಲಿ ನಿಂತು ಬೆವರು ಒರೆಸಿಕೊಂಡಿದ್ದೆನೋ ಎಲ್ಲವೂ ಕಡುಹಸಿರಾಗಿ ಎದ್ದು ಬಂತು. ಮೈದಾನದ ನಡುವೆ ಒಂದು ದೊಡ್ಡ ಚುಕ್ಕೆಯಿತ್ತು. ಅದು ನಾನು ಫೋನಿನಲ್ಲಿ ಹೆಂಡತಿಯ ಹತ್ತಿರ ಮಾತಾಡಿದ ಜಾಗ. ಮೂರು ತಿಂಗಳು ಅದನ್ನು ಎಲ್ಲರೂ ನೋಡಿದರು.

ಗುರಪ್ಪನ ವಿಷಯ ಈಗ ಹೇಳಬೇಕು. ವಿಜಯಪುರದ ಕಡೆಯವನು, ದಿವಾದಲ್ಲಿ ಮನೆ. ನನಗಿಂತ ಎರಡು ತಿಂಗಳು ಚಿಕ್ಕವನು. ಕ್ಲಬ್ಬು ಯಾವುದೋ ರೆಸಾರ್ಟಿನಿಂದ ಕುಳಿತು ಓಡಿಸುವ ಹುಲ್ಲಿನ ಗಾಡಿಯೊಂದನ್ನು ತಂದಾಗಿನಿಂದ ಅದರ ಡ್ರೈವರ್ ಅವನೇ. ಬೆಳಿಗ್ಗೆ ಗಾಡಿಯ ಮೂತಿ ಮುಟ್ಟಿ ಹಣೆಗೆ ಹಚ್ಚಿಕೊಳ್ಳದೆ ಚಾವಿ ತಿರುಗಿಸುತ್ತಿರಲಿಲ್ಲ. ಖಂಡೇ ನವಮಿಯ ಆಯುಧಪೂಜೆಯ ದಿನ ಅದಕ್ಕೆ ಚೆಂಡುಹೂವಿನ ಮಾಲೆ ಹಾಕಿ, ಮರುದಿನದವರೆಗೆ ಅದರ ಮೇಲೆ ಕೂರಲು ದೇವರೇ ಬಂದರೂ ಬಿಡುತ್ತಿರಲಿಲ್ಲ. ನಾನು ಡೊಂಬಿವಲಿಯಿಂದ ಠಾಣೆಗೆ, ಅವನು ದಿವಾದಿಂದ ಠಾಣೆಗೆ. ಅಲ್ಲಿಂದ ಪನವೇಲ್ ಲೋಕಲ್ ರೈಲಿನಲ್ಲಿ ಇಬ್ಬರೂ ಜೊತೆಗೆ ಖಾರಘರಕ್ಕೆ. ಇಷ್ಟು ವರ್ಷದಲ್ಲಿ ನನ್ನ ಕನ್ನಡ ಪುಸ್ತಕದ್ದು ಎಂದು ಅವನು, ಅವನ ಕನ್ನಡಕ್ಕೆ ಖಾರ ಜಾಸ್ತಿ ಎಂದು ನಾನು ದಿನಕ್ಕೊಮ್ಮೆಯಾದರೂ ಕಾಲೆಳೆಯದೆ ಬಿಟ್ಟದ್ದಿಲ್ಲ.

ನಮ್ಮ ಕೆಲಸದ ಕೊನೆಯ ವರ್ಷಗಳಲ್ಲಿ ಅವನಿಗೆ ಒಂದು ಹೊಸ ಚಾಳಿ ಅಂಟಿಕೊಂಡಿತ್ತು. ಪ್ಲಾಟ್‌ಫಾರಮ್ಮಿನಲ್ಲಿ ತಲೆಯ ಮೇಲೆಯೇ ಬೋರ್ಡು ಉರಿಯುತ್ತಿದ್ದರೂ, "ಯಾವ್ ಗಾಡಿ ಬರಾಕತ್ತೇತ್ರಿ?" ಎಂದು ನನ್ನನ್ನು ಕೇಳುವುದು. ಓದಲಿಕ್ಕೂ ಸೋಮಾರಿತನವೇ ಎಂದು ನಾನು ಛೇಡಿಸುತ್ತಿದ್ದೆ. ಅವನೂ ನಗುತ್ತಿದ್ದ.

ನಮ್ಮ ಸೆಕ್ರೆಟರಿ ಸಾಹೇಬರಿಗೆ ಹೊಟ್ಟೆ ದೊಡ್ಡದು, ಮನಸ್ಸು ಕೆಟ್ಟದೇನಲ್ಲ. ಆದರೆ ಟಿವಿಯಲ್ಲಿ ಯಾವುದನ್ನು ನೋಡಿದರೂ ಮರುದಿನ ಅದು ಮೈದಾನಕ್ಕೆ ಬೇಕು. ಒಂದು ಚಳಿಗಾಲದ ಮೊದಲು ಅವರು ವಿಲಾಯತಿಯ ಕ್ರಿಕೆಟ್ ನೋಡಿದರು. ಅಲ್ಲಿ ಹುಲ್ಲಿನ ಮೇಲೆ ತಿಳಿಹಸಿರು, ಕಡುಹಸಿರು ಪಟ್ಟೆಗಳು. ಚಳಿಗಾಲದಲ್ಲಿ ನಮ್ಮಲ್ಲಿ ನಡೆಯುವ ದೊಡ್ಡ ಪಂದ್ಯದ ಹೊತ್ತಿಗೆ ಅಂಥದೇ ಪಟ್ಟೆ ಬೇಕು ಎಂದು ಹಟ ಹಿಡಿದರು. ಅದನ್ನು ಎಳೆಯುವ ವಿದೇಶಿ ಸಾಧನದ ಚಿತ್ರವನ್ನು ನಾನು ತೋರಿಸಿದೆ. ಅವರು ಚಿತ್ರ ನೋಡಿದರು, ಕೆಳಗಿನ ಬೆಲೆ ನೋಡಿದರು, ಆಮೇಲೆ ನನ್ನನ್ನು ನೋಡಿದರು. ನಿಮ್ಮದು ಕಬ್ಬಿಣದ ಮನೆತನವಲ್ಲವೇ ಎಂದರು. ಅಲ್ಲಿಗೆ ಅದು ನನ್ನ ತಲೆಗೆ ಬಂತು.

ಪಟ್ಟೆ ಎಂದರೆ ಎರಡು ಜಾತಿಯ ಹುಲ್ಲು ಎಂದು ಅನೇಕರು ತಿಳಿದಿದ್ದಾರೆ. ಬಣ್ಣ ಹೊಡೆಯುತ್ತಾರೆ ಎಂದು ನನ್ನ ಬಾವನೇ ವಾದ ಮಾಡಿದ್ದ. ಹಾಗೇನೂ ಇಲ್ಲ. ಹುಲ್ಲಿನ ಎಲೆ ನಿಮ್ಮಿಂದ ಆಚೆಗೆ ಬಾಗಿದ್ದರೆ ಬೆಳಕು ಬಿದ್ದು ತಿಳಿಯಾಗಿ ಕಾಣುತ್ತದೆ, ನಿಮ್ಮ ಕಡೆಗೆ ಬಾಗಿದ್ದರೆ ಕಪ್ಪಾಗಿ ಕಾಣುತ್ತದೆ. ಕತ್ತರಿಸುತ್ತ ಹೋಗುವಾಗ ಹಿಂದಿನಿಂದ ಒಂದು ರೋಲರ್ ಹಗುರವಾಗಿ ಎಲೆಗಳನ್ನು ಮಲಗಿಸಿಕೊಂಡು ಬರಬೇಕು. ಹೋಗುವಾಗ ಒಂದು ಬಣ್ಣ, ಬರುವಾಗ ಇನ್ನೊಂದು. ವಿಲಾಯತಿಯ ಹುಲ್ಲು ಮೆದು, ಹೇಳಿದ ಹಾಗೆ ಮಲಗುತ್ತದೆ. ನಮ್ಮದು ಹಟಮಾರಿ, ಸ್ವಲ್ಪ ಉದ್ದ ಬಿಟ್ಟು ಕತ್ತರಿಸಿದರೆ ಮಾತ್ರ ಬಾಗುತ್ತದೆ. ಇದನ್ನು ಸಾಹೇಬರಿಗೆ ಒಪ್ಪಿಸಲು ನನಗೆ ಒಂದು ವಾರ ಹಿಡಿಯಿತು. ಅವರಿಗೆ ಹುಲ್ಲು ಎಂದರೆ ಆಗತಾನೇ ಕ್ಷೌರ ಮಾಡಿಸಿದಂತೆ ಇರಬೇಕು.

ಮೊದಲನೆಯ ರೋಲರ್ ಚರಂಡಿಯ ಪ್ಲಾಸ್ಟಿಕ್ ಪೈಪಿನದು. ಒಳಗೆ ಮರಳು ತುಂಬಿ, ಎರಡೂ ಕಡೆ ಮುಚ್ಚಳ ಅಂಟಿಸಿ, ನಡುವೆ ಕಬ್ಬಿಣದ ಸರಳು ತೂರಿಸಿದೆ. ತೂಕ ಕಡಿಮೆ ಇರಲಿ ಎಂದು ಅರ್ಧವೇ ತುಂಬಿದ್ದು ನನ್ನ ಬುದ್ಧಿವಂತಿಕೆ. ಗಾಡಿ ಚೂರು ಓರೆಯಾದರೂ ಮರಳೆಲ್ಲ ಆ ಕಡೆಗೆ ಸುರಿಯುತ್ತಿತ್ತು. ಮೂರನೆಯ ಸಲಕ್ಕೆ ಮುಚ್ಚಳ ಹಾರಿಹೋಯಿತು. ಗುರಪ್ಪನಿಗೆ ಹಿಂದಿನದು ಗೊತ್ತಾಗಲಿಲ್ಲ. ಅವನು ಆ ತುದಿ ಮುಟ್ಟುವಷ್ಟರಲ್ಲಿ ಹಸಿರು ಹುಲ್ಲಿನ ಮೇಲೆ ಉದ್ದಕ್ಕೆ ಮರಳಿನ ಗೆರೆ ಬಿದ್ದಿತ್ತು. ಪಟ್ಟೆ ಎಂದರೆ ಇದೇನಾ ಎಂದು ಸಾಹೇಬರು ಬಹಳ ವಿನಯದಿಂದ ಕೇಳಿದರು.

ಎರಡನೆಯದು ನನ್ನ ಬಾವನ ದಯೆ. ಬಾವ ಎಂದರೆ ನನ್ನ ಹೆಂಡತಿಯ ಅಣ್ಣ, ಡೊಂಬಿವಲಿ ಸ್ಟೇಷನ್ನಿನ ಹತ್ತಿರ ಅವನ ಹೋಟೆಲು. ಅಲ್ಲಿ ಹಳೆಯ ಗ್ರೈಂಡರುಗಳಿಂದ ಕಳಚಿಟ್ಟ ನಾಲ್ಕು ಅರೆಯುವ ಕಲ್ಲುಗಳಿದ್ದವು. ನಾಲ್ಕೂ ಉರುಟು, ಕಂಬದಂತೆ ದುಂಡಗೆ, ನಡುವೆ ತೂತು. ನೋಡಿದ ಕೂಡಲೇ ನನಗೆ ರೋಲರ್ ಕಂಡಿತು. ಬೇರೆ ಊರಿನವರಿಗೆ ಕಾಣುತ್ತಿತ್ತೋ ಇಲ್ಲವೋ. ನಾಲ್ಕು ಕಲ್ಲುಗಳನ್ನು ಗೋಣಿಯಲ್ಲಿ ಕಟ್ಟಿ ಲೋಕಲಿನ ಸಾಮಾನು ಸಾಗಿಸುವ ಮಾಲ್ ಡಬ್ಬಿಗೆ ಏರಿಸಿದೆ. ದಿವಾದಲ್ಲಿ ಗುರಪ್ಪ ಹತ್ತಿದ. ಮೀನಿನ ಬುಟ್ಟಿಯ ಹೆಂಗಸೊಬ್ಬರು ಯಾವ ದೇವರ ಕಲ್ಲು ಎಂದು ಕೇಳಿದರು. ಗುರಪ್ಪ ಕೈಮುಗಿದು, ಇಡ್ಲಿ ದೇವರು ಎಂದು ಮರಾಠಿಯಲ್ಲಿ ಗಂಭೀರವಾಗಿ ಹೇಳಿದ. ಆಕೆ ಬುಟ್ಟಿ ಸರಿಸಿ ಜಾಗ ಕೊಟ್ಟರು.

ದೇವರು ಒಲಿಯಲಿಲ್ಲ. ಆ ತೂಕಕ್ಕೆ ಹುಲ್ಲು ಬಾಗಲಿಲ್ಲ, ನೆಲಕ್ಕೆ ಅಂಟಿಕೊಂಡಿತು. ತಿರುವಿನಲ್ಲಿ ಬುಡಸಮೇತ ಕಿತ್ತು ಬಂತು. ಬಾವ ತೊಳೆದಿದ್ದೇನೆ ಎಂದಿದ್ದ, ಆದರೆ ಎಷ್ಟೋ ವರ್ಷ ಹಿಟ್ಟು ಕುಡಿದ ಕಲ್ಲು ಇಬ್ಬನಿಯಲ್ಲಿ ನೆನೆದದ್ದೇ ಹುಳಿವಾಸನೆ ಬಿಟ್ಟಿತು. ಖಾರಘರದ ಕಾಗೆಗಳೆಲ್ಲ ಗಾಡಿಯ ಹಿಂದೆ ಮೆರವಣಿಗೆ ಹೊರಟವು. ಬಾಗಿಸುವುದು ಬೇರೆ, ಒತ್ತುವುದು ಬೇರೆ ಎಂಬುದನ್ನು ನಾನು ಕಲಿತದ್ದು ಆ ದಿನ. ಹೊಸಬರು ಇದನ್ನು ಬರೆದಿಟ್ಟುಕೊಳ್ಳಬಹುದು.

ಮೂರನೆಯದಕ್ಕೆ ಕಳಂಬೋಲಿಯ ಕಬ್ಬಿಣದ ಬಜಾರಿಗೆ ಹೋದೆ. ನಾಲ್ಕೂವರೆ ಇಂಚು ದಪ್ಪದ, ತೆಳು ಗೋಡೆಯ ಪೈಪಿನ ತುಂಡೊಂದು ಸಿಕ್ಕಿತು. ಗಾಡಿ ಕತ್ತರಿಸುವಷ್ಟೇ ಅಗಲಕ್ಕೆ ಕೊಯ್ಯಿಸಿ, ಎರಡು ತುದಿಗೂ ತಗಡು ಮುಚ್ಚಿ, ಬೇರಿಂಗ್ ಕೂರಿಸಿದೆ. ಮರಳು ಈ ಸಲ ಗಂಟಲವರೆಗೆ ತುಂಬಬೇಕು, ಒಣಗಿಯೂ ಇರಬೇಕು. ಅದಕ್ಕಾಗಿ ಮಧ್ಯಾಹ್ನ ಹೋಟೆಲು ಖಾಲಿ ಇದ್ದ ಹೊತ್ತಿನಲ್ಲಿ ಬಾವನ ದೋಸೆ ಕಾವಲಿಯ ಮೇಲೆ ಮರಳು ಹುರಿದೆ. ಸಂಜೆ ದೋಸೆ ತಿಂದ ಗಿರಾಕಿಗಳು ಹಲ್ಲು ಹಿಡಿದುಕೊಂಡು ದುಡ್ಡು ಕಟ್ಟುವ ಗಲ್ಲೆಗೆ ಬಂದರಂತೆ. ಬಾವ ಎರಡು ತಿಂಗಳು ನನ್ನ ಹತ್ತಿರ ಮಾತು ಬಿಟ್ಟ, ತಂಗಿಯ ಮೂಲಕ ಬೈಗುಳ ಮಾತ್ರ ಕಳಿಸುತ್ತಿದ್ದ.

ರೋಲರನ್ನು ಗಾಡಿಗೆ ಬಿಗಿಯಬಾರದು, ಸರಪಳಿಯಲ್ಲಿ ತೂಗಬೇಕು. ಆಗ ನೆಲದ ಉಬ್ಬುತಗ್ಗಿಗೆ ಅದು ತಾನೇ ಹೊಂದಿಕೊಳ್ಳುತ್ತದೆ. ಸರಪಳಿ ಸಿಕ್ಕಿಸುವ ಎರಡು ಕೊಕ್ಕೆಗಳನ್ನು ಗಾಡಿಯ ಬೆನ್ನಿಗೆ ನಾನೇ ವೆಲ್ಡಿಂಗ್ ಮಾಡಿದೆ. ಗುರಪ್ಪ ಅಳತೆಪಟ್ಟಿ ತಂದುಕೊಟ್ಟ. ನಮ್ಮ ಮನೆತನದವರಿಗೆ ಕಣ್ಣಳತೆ ಸಾಕು ಎಂದು ಅದನ್ನು ಅವನಿಗೇ ವಾಪಸು ಕೊಟ್ಟೆ. ಹಾಗೆ ಹೇಳಿದ್ದು ನನಗೆ ಇವತ್ತಿಗೂ ಚೆನ್ನಾಗಿ ನೆನಪಿದೆ.

ಪಟ್ಟೆ ಬಂತು. ಬೆಳಗಿನ ಎಳೆಬಿಸಿಲಿನಲ್ಲಿ ತಿಳಿ, ಕಡು, ತಿಳಿ, ಕಡು ಎಂದು ನಮ್ಮ ಮೈದಾನವೂ ಟಿವಿಯದಾಯಿತು. ನನಗೆ ಕಣ್ಣಲ್ಲಿ ನೀರು ಬಂತು ಎಂದು ಹೇಳಿಕೊಳ್ಳಲು ಈಗ ನಾಚಿಕೆಯಿಲ್ಲ. ಸಾಹೇಬರು ಪೆವಿಲಿಯನ್ನಿನಲ್ಲಿ ನಿಂತು ತಾವೇ ಎಳೆದವರ ಹಾಗೆ ಬಂದವರಿಗೆಲ್ಲ ತೋರಿಸಿದರು.

ಆ ಸುಖ ಎರಡು ದಿನ ಇತ್ತು. ಮೂರನೆಯ ದಿನ ಸಾಹೇಬರ ಫೋನಿಗೆ ಒಂದು ಫೋಟೊ ಬಂತು. ಮೈದಾನದ ಪಕ್ಕದ ಕಟ್ಟಡದ ಇಪ್ಪತ್ತೆರಡನೆಯ ಮಹಡಿಯಲ್ಲಿ ಧಾರವಾಡದ ಕಡೆಯ ಕುಲಕರ್ಣಿ ಎಂಬವರೊಬ್ಬರು ಇದ್ದರು, ಕ್ಲಬ್ಬಿನ ಸದಸ್ಯರು, ಬ್ಯಾಂಕಿನಿಂದ ನಿವೃತ್ತರು. ನಲ್ಲಿ ಸೋರಿದರೆ, ನಾಯಿ ನುಗ್ಗಿದರೆ, ಮಾಲಿ ಬೀಡಿ ಸೇದಿದರೆ ಬಾಲ್ಕನಿಯಿಂದ ಫೋಟೊ ತೆಗೆದು, ತಪ್ಪಿದ್ದ ಕಡೆ ಕೆಂಪು ಸೊನ್ನೆ ಸುತ್ತಿ ಕಳಿಸುವುದು ಅವರ ನಿವೃತ್ತ ಜೀವನ. ನಾವು ಅವರಿಗೆ ಮೇಲಿನ ಅಂಪೈರ್ ಎಂದು ಹೆಸರಿಟ್ಟಿದ್ದೆವು. ಈ ಸಲದ ಸೊನ್ನೆ ದೊಡ್ಡದಿತ್ತು. ನೆಲದ ಮೇಲೆ ನಿಂತವರಿಗೆ ಕಾಣದ ಸಂಗತಿ ಮೇಲಿನಿಂದ ಸ್ಪಷ್ಟವಾಗಿ ಕಾಣುತ್ತಿತ್ತು. ಪಟ್ಟೆಗಳೆಲ್ಲ ನಡುವೆ ಬಿಲ್ಲಿನಂತೆ ಬಾಗಿದ್ದವು.

ಈ ಕೆಲಸದಲ್ಲಿ ಮೊದಲನೆಯ ಗೆರೆಯೇ ಎಲ್ಲ. ಡ್ರೈವರ್ ಎದುರಿನ ತುದಿಯಲ್ಲಿರುವ ಒಂದು ಗುರುತಿನ ಮೇಲೆ ಕಣ್ಣಿಟ್ಟು ಅದನ್ನು ಎಳೆಯಬೇಕು. ಉಳಿದ ಗೆರೆಗಳು ಅದರ ಪಕ್ಕಕ್ಕೇ ಅಂಟಿಕೊಂಡು ಬರುವುದರಿಂದ ಮೊದಲಿನದು ಬಾಗಿದರೆ ಎಲ್ಲವೂ ಬಾಗಿದವೇ. ನಮ್ಮ ಗುರುತು ಆಚೆ ತುದಿಯ ಧ್ವಜದ ಕಂಬ. ಪಟ್ಟೆ ಇಲ್ಲದ ಕಾಲದಲ್ಲಿ ಗಾಡಿ ಹೇಗೆ ಓಡಿದರೂ ಯಾರಿಗೂ ತಿಳಿಯುತ್ತಿರಲಿಲ್ಲ, ಈಗ ಹುಲ್ಲೇ ಚಾಡಿ ಹೇಳುತ್ತಿತ್ತು. ನಾನು ಸರಪಳಿ ಬದಲಿಸಿದೆ, ಬೇರಿಂಗಿಗೆ ಗ್ರೀಸ್ ಹಾಕಿದೆ. ಮತ್ತೆರಡು ಸಲ ಕತ್ತರಿಸಿದರೂ ಅದೇ ಬಿಲ್ಲು, ಅದೇ ಸೊನ್ನೆ. ಫೋಟೊದಲ್ಲಿ ಪಟ್ಟೆಗಳ ಎಡ ಅಂಚಿನಲ್ಲಿ ಇನ್ನೂ ಒಂದು ಸಣ್ಣ ಸೊನ್ನೆ ಇತ್ತು, ಅಲ್ಲಿ ಗೆರೆ ಸ್ವಲ್ಪ ಕದಡಿದಂತಿದೆ ಎಂದು ಬರೆದಿದ್ದರು. ಅಂಪೈರರಿಗೆ ಬೇರೆ ಕೆಲಸವಿಲ್ಲ ಎಂದು ನಾನು ಅದನ್ನು ನೋಡಲೂ ಹೋಗಲಿಲ್ಲ.

ಸಾಹೇಬರು ನಮ್ಮಿಬ್ಬರನ್ನೂ ಆಫೀಸಿಗೆ ಕರೆದು ಯಾರ ತಪ್ಪು ಎಂದು ಕೇಳಿದರು. ಇಲ್ಲಿ ಬರೆಯಲು ಕಷ್ಟವಾಗುತ್ತದೆ, ಆದರೂ ಬರೆಯುತ್ತೇನೆ. ನನ್ನ ರೋಲರಿಗೆ ಮಾತು ಬರಬಾರದು ಎಂಬುದೊಂದೇ ನನ್ನ ತಲೆಯಲ್ಲಿತ್ತು. ಯಂತ್ರದಲ್ಲಿ ದೋಷವಿಲ್ಲ, ಓಡಿಸುವವನು ಬೆಳಿಗ್ಗೆ ಯಾವ ಸ್ಥಿತಿಯಲ್ಲಿ ಬರುತ್ತಾನೋ ವಿಚಾರಿಸಬೇಕು ಎಂದುಬಿಟ್ಟೆ. ಕುಡಿದು ಬರುತ್ತಾನೆ ಎಂಬ ಮಾತನ್ನು ಬಾಯಿಬಿಟ್ಟು ಹೇಳಲಿಲ್ಲ, ಆದರೆ ಕೋಣೆಯಲ್ಲಿದ್ದ ಮೂವರಿಗೂ ಅದು ಕೇಳಿಸಿತು. ಗುರಪ್ಪ ಕೊರಳಲ್ಲಿ ಲಿಂಗ ಕಟ್ಟಿಕೊಂಡವನು, ಚಹಾ ಬಿಟ್ಟರೆ ಬೇರೇನೂ ಕುಡಿದವನಲ್ಲ. ಅವನು ನೆಲ ನೋಡುತ್ತ ನಿಂತಿದ್ದ. ಇನ್ನೊಮ್ಮೆ ಗೆರೆ ಬಾಗಿದರೆ ಗಾಡಿಗೆ ಗುತ್ತಿಗೆಯ ಡ್ರೈವರ್ ಬರುತ್ತಾನೆ, ಗುರಪ್ಪ ಮನೆಗೆ ಹೋಗಬಹುದು ಎಂದರು ಸಾಹೇಬರು. ಅವನ ನಿವೃತ್ತಿಗೆ ಎರಡು ವರ್ಷ ಬಾಕಿ ಇತ್ತು. ಅವತ್ತು ಸಂಜೆ ಅವನು ಲೋಕಲಿನಲ್ಲಿ ಬೇರೆ ಡಬ್ಬಿ ಹತ್ತಿದ.

ಮರುದಿನ ಕುಲಕರ್ಣಿಯವರೇ ನನ್ನನ್ನು ಮೇಲಕ್ಕೆ ಕರೆಸಿದರು. ಬೈಸಿಕೊಳ್ಳಲು ಸಿದ್ಧನಾಗಿಯೇ ಹೋದೆ. ಅವರು ಕಾಫಿ ಕೊಟ್ಟು ಬಾಲ್ಕನಿಗೆ ಕರೆದುಕೊಂಡು ಹೋದರು.

"ಆಚಾರ್ಯರ, ನಿಮ್ಮ ಸಾಹೇಬರು ಡ್ರೈವರ್ ಕುಡೀತಾನ ಅಂದ್ರು, ಅದಕ್ಕ ಕರದೆ. ಗೆರಿ ನೋಡ್ರಿ. ಈ ತುದೀಗೆ ನೆಟ್ಟಗ ಅದ, ಆ ತುದೀಗೂ ನೆಟ್ಟಗ ಅದ. ನಡಬರಕ ಬಾಗೇದ. ಕುಡದಾಂವ ಎಲ್ಲಾ ಕಡೆ ಸೊಟ್ಟ ಹೊಡೀತಾನ್ರಿ. ಇಂವಗ ಕಂಬ ದೂರದಿಂದ ಕಾಣೂದಿಲ್ಲ, ಹತ್ರ ಬಂದ ಮ್ಯಾಲೆ ಕಂಡು ತಿರಗಸ್ತಾನ. ಹ್ವಾದ ವರ್ಷ ಕಣ್ಣಿನ ಆಪರೇಶನ್‌ಕಿಂತ ಮೊದ್ಲ ನಾನೂ ಇದ ಮೈದಾನದಾಗ ಹಿಂಗ ನಡೀತಿದ್ದೆ."

ನಾನು ಕಾಫಿ ಮುಗಿಸಲಿಲ್ಲ. ಠಾಣೆಯ ಪ್ಲಾಟ್‌ಫಾರಮ್ಮಿನಲ್ಲಿ ಅವನು ದಿನಾ ಕೇಳುತ್ತಿದ್ದ ಪ್ರಶ್ನೆ ನೆನಪಾಯಿತು. ಒಂದು ವರ್ಷದಿಂದ ನಾನು ಅದಕ್ಕೆ ನಗುತ್ತಿದ್ದೆ. ಕೆಂಪು ಸೊನ್ನೆಯ ಮನುಷ್ಯ ಇಪ್ಪತ್ತೆರಡು ಮಹಡಿ ಮೇಲಿನಿಂದ ಕಂಡದ್ದು, ಭುಜಕ್ಕೆ ಭುಜ ತಾಗಿಸಿ ನಿಂತ ನನಗೆ ಕಂಡಿರಲಿಲ್ಲ.

ಸಂಜೆ ಅವನನ್ನು ಬಿಡದೆ ಠಾಣೆ ಸ್ಟೇಷನ್ನಿನಲ್ಲಿ ಹಿಡಿದೆ. ಬೋರ್ಡಿನ ಕಡೆ ಕೈ ತೋರಿಸಿ, ಏನು ಬರೆದಿದೆ ಓದು ಎಂದೆ. ಅವನು ಬೋರ್ಡಿನ ಕಡೆಗೆ ನೋಡಲೂ ಇಲ್ಲ. ಬದಿಯ ಬೆಂಚಿನ ಮೇಲೆ ಕುಳಿತ. ಎರಡೂ ಕಣ್ಣಿಗೆ ಪೊರೆ ಬಂದು ವರ್ಷದ ಮೇಲಾಗಿತ್ತಂತೆ. ಹತ್ತಿರದ್ದು ಕಾಣುತ್ತದೆ, ದೂರದ್ದೆಲ್ಲ ಹಾಲಿನಲ್ಲಿ ಅದ್ದಿದ ಹಾಗೆ. ಬೆಳಗಿನ ಇಬ್ಬನಿಯಲ್ಲಿ ಬೀಳುವ ಚಕ್ರದ ಗುರುತು ನೋಡಿಕೊಂಡೇ ಇಷ್ಟು ದಿನ ಓಡಿಸಿದ್ದ. ಆಪರೇಶನ್ ಎಂದರೆ ಗಾಡಿಯಿಂದ ಇಳಿಸಿಬಿಡುತ್ತಾರೆ ಎಂದು ಮನೆಯಲ್ಲೂ ಹೇಳಿರಲಿಲ್ಲ. ನಾನು ಅವನ ಪಕ್ಕ ಕುಳಿತು, ನನ್ನಿಂದ ದೊಡ್ಡ ತಪ್ಪಾಯಿತು ಮಾರಾಯ, ಕ್ಷಮಿಸು ಎಂದೆ.

"ಕುಡದ್ ಬರ್ತಾನ ಅಂದ್ರಲ್ಲ, ಅದು ಇರ್ಲಿ ಬಿಡ್ರಿ, ನಮ್ಮ ಮನ್ಯಾಗ ಕೇಳಿದ್ರ ನಗ್ತಾರ," ಎಂದ ಗುರಪ್ಪ. "ಆದ್ರ ಇಂವಗ ಗಾಡಿ ಹೊಡ್ಯಾಕ ಬರೂದಿಲ್ಲಂತ ತಿಳಕೊಂಡ್ರಲ್ಲ ಆಚಾರ್ರ, ಅದು ಎದಿಗೆ ನಟ್ಟೈತ್ರಿ."

ನಮ್ಮ ಎದುರಿನಿಂದ ಎರಡು ಕಲ್ಯಾಣ ಲೋಕಲುಗಳು ಹೋದವು. ಹತ್ತಲು ಇಬ್ಬರಿಗೂ ಮನಸ್ಸಾಗಲಿಲ್ಲ.

ನಿಯಮದ ಪ್ರಕಾರ ನಾನು ಅವನನ್ನು ಆ ದಿನವೇ ಗಾಡಿಯಿಂದ ಇಳಿಸಬೇಕಿತ್ತು. ಹೊಸದಾಗಿ ಸೇರುವವರು ಹಾಗೆಯೇ ಮಾಡಬೇಕು, ನನ್ನನ್ನು ನೋಡಿ ಕಲಿಯಬೇಡಿ. ಅಷ್ಟು ಬೆಳಿಗ್ಗೆ ಮೈದಾನದಲ್ಲಿ ನಮ್ಮಿಬ್ಬರ ಹೊರತು ಯಾರೂ ಇರುತ್ತಿರಲಿಲ್ಲ ಎಂಬುದು ನನಗೆ ನಾನೇ ಹೇಳಿಕೊಂಡ ಸಮಾಧಾನ. ಪಂದ್ಯಕ್ಕೆ ಹತ್ತು ದಿನವಿತ್ತು. ಅದು ಮುಗಿದ ಮೇಲೆ ಕೆಸರಿನಿಂದ ಗಾಡಿ ಇಳಿಸಲಾಗದ ಮಳೆಗಾಲದಲ್ಲಿ ಆಪರೇಶನ್ ಎಂದು ಮಾತಾಯಿತು.

ಮೊದಲು ಸಾಹೇಬರ ಹತ್ತಿರ ಹೋದೆ. ತಪ್ಪು ಡ್ರೈವರನದಲ್ಲ, ನಾನು ಬೆಸೆದ ಕೊಕ್ಕೆ ಸೊಟ್ಟಗಿದೆ, ಅದರಿಂದ ಗಾಡಿ ಎಳೆಯುತ್ತಿದೆ, ಸರಿಮಾಡುತ್ತೇನೆ ಎಂದೆ. ಶುದ್ಧ ಸುಳ್ಳು. ನನ್ನ ವೆಲ್ಡಿಂಗಿನ ಮೇಲೆ ನನಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಆ ಮಾತು ಹೇಳುವಾಗ ನನ್ನ ಅಪ್ಪ, ಅಜ್ಜ ಎಲ್ಲರೂ ಸಾಲಾಗಿ ನಿಂತು ನೋಡುತ್ತಿದ್ದಾರೆ ಅನ್ನಿಸಿತು. ಸಾಹೇಬರಿಗೆ ಪರಮಾನಂದವಾಯಿತು. ಈ ಆಚಾರಿಯನ್ನು ಕ್ಯಾಂಟೀನಿನಲ್ಲೇ ಬಿಡಬೇಕಿತ್ತು ಎಂದು ಸಿಕ್ಕಿದವರಿಗೆಲ್ಲ ಹೇಳಿಕೊಂಡು ತಿರುಗಿದರು. ಕ್ಯಾಂಟೀನಿನವರು ಜಾಗ ಖಾಲಿ ಇದೆ ಎಂದು ನನ್ನನ್ನು ಕರೆದರು. ಎಲ್ಲವನ್ನೂ ನುಂಗಿಕೊಂಡೆ. ವಿಷಯ ತಿಳಿದ ಗುರಪ್ಪ ಮಾತ್ರ, ನನ್ನ ಸಲುವಾಗಿ ಕೈಕಸುಬಿಗೆ ಹೆಸರು ಕೆಡಿಸಿಕೊಂಡಿರಲ್ಲ ಎಂದು ಬಹಳ ಪೇಚಾಡಿದ.

ಇನ್ನು ಗೆರೆ ನೆಟ್ಟಗಾಗಬೇಕಲ್ಲ. ಗುರಪ್ಪನಿಗೆ ಬಿಳಿಯ ಕಂಬ ಬೆಳಕಿನಲ್ಲಿ ಕರಗಿಹೋಗುತ್ತಿತ್ತು, ಕೆಂಪು ಮಾತ್ರ ಸ್ವಲ್ಪ ಕಾಣುತ್ತಿತ್ತು. ಮನೆಯಿಂದ ನನ್ನ ಕೆಂಪು ಬೈರಾಸು ತಂದೆ, ಸ್ನಾನಕ್ಕೆ ಇಟ್ಟುಕೊಂಡಿದ್ದ ದೊಡ್ಡ ಟವೆಲು. ಅದನ್ನು ತಲೆಯಿಂದ ಮೊಣಕಾಲವರೆಗೆ ಹೊದ್ದು ಆಚೆ ತುದಿಯಲ್ಲಿ ಗೂಟದ ಹಾಗೆ ನಿಂತೆ. ಗಾಡಿ ನನ್ನ ಮೇಲೆಯೇ ಕಣ್ಣಿಟ್ಟು ಬಂತು. ಹತ್ತಿರ ಬಂದಾಗ ಪಕ್ಕಕ್ಕೆ ಹಾರಿದೆ. ಮೊದಲ ಗೆರೆ ಎಳೆದಾದ ಮೇಲೆ ಉಳಿದವಕ್ಕೆ ಅವನಿಗೆ ನನ್ನ ಅಗತ್ಯವಿರಲಿಲ್ಲ, ಪಕ್ಕದ ಅಂಚು ಅವನಿಗೆ ಚೆನ್ನಾಗಿಯೇ ಕಾಣುತ್ತಿತ್ತು. ಅವತ್ತು ಕುಲಕರ್ಣಿಯವರ ಫೋಟೊ ನೇರವಾಗಿ ನನ್ನ ಫೋನಿಗೇ ಬಂತು. ಗೆರೆಗೆ ಸೊನ್ನೆ ಇರಲಿಲ್ಲ, ಬೈರಾಸು ಹೊದ್ದ ನನ್ನ ಸುತ್ತ ಇತ್ತು. ಹೊಸ ಗ್ರಾಮದೇವತೆ ಯಾವಾಗ ಬಂತು, ವಾರ ಯಾವುದು ಎಂದು ಕೆಳಗೆ ಬರೆದಿದ್ದರು. ಸಾಹೇಬರಿಗೆ ಅವರು ಒಂದು ಮಾತೂ ಹೇಳಲಿಲ್ಲ.

ಪಂದ್ಯ ಚೆನ್ನಾಗಿ ನಡೆಯಿತು. ಯಾರು ಗೆದ್ದರು ಎಂದು ನನಗೆ ನೆನಪಿಲ್ಲ, ಮೈದಾನದವರಿಗೆ ಅದು ನೆನಪಿರುವುದಿಲ್ಲ. ಬಂದವರೆಲ್ಲ ಪಟ್ಟೆಯ ಮುಂದೆ ನಿಂತು ಫೋಟೊ ತೆಗೆಸಿಕೊಂಡರು. ಸಾಹೇಬರು ಗುರಪ್ಪನ ಬೆನ್ನು ತಟ್ಟಿ, ಆಚಾರ್ಯ ವೆಲ್ಡಿಂಗ್ ಸರಿಮಾಡಿದ ಮೇಲೆ ನೀನೂ ಸರಿಯಾದೆ ನೋಡು ಎಂದರು. ಗುತ್ತಿಗೆಯ ಡ್ರೈವರನ ಮಾತು ಮತ್ತೆ ಎತ್ತಲಿಲ್ಲ.

ಮಳೆಗಾಲದಲ್ಲಿ ಗುರಪ್ಪ ರಜೆ ಹಾಕಿದ. ಒಂದು ಕಣ್ಣು ಮೊದಲು, ಇನ್ನೊಂದು ತಿಂಗಳ ಮೇಲೆ. ಆಸ್ಪತ್ರೆಗೆ ಅವನ ಹೆಂಡತಿಯೂ ನಾನೂ ಹೋಗಿದ್ದೆವು. ಕಪ್ಪು ಕನ್ನಡಕದಲ್ಲಿ ಹೊರಗೆ ಬಂದವನು ಮೊದಲು ನನ್ನ ಮುಖವನ್ನು ಬಹಳ ಹೊತ್ತು ನೋಡಿ, ನೀವು ಇಷ್ಟು ಮುದುಕರಾಗಿದ್ದು ಯಾವಾಗ ಎಂದು ಕೇಳಿದ. ಕಣ್ಣು ಸರಿ ಇದೆ, ಗಾಡಿ ಓಡಿಸಬಹುದು ಎಂಬ ಡಾಕ್ಟರರ ಕಾಗದವನ್ನು ನಾನು ಸಾಹೇಬರ ಮೇಜಿನ ಮೇಲೆ ಇಟ್ಟು ಕತೆಯನ್ನೆಲ್ಲ ಹೇಳಿದೆ. ಅವರು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಕಾಗದವನ್ನು ಎರಡು ಸಲ ಓದಿದರು. ಆಮೇಲೆ, ಮೊದಲೇ ಹೇಳಿದ್ದರೆ ನಾನೇನು ಅವನನ್ನು ತಿಂದುಬಿಡುತ್ತಿದ್ದೆನೇ ಎಂದರು. ತಿನ್ನುತ್ತಿದ್ದರೋ ಇಲ್ಲವೋ ಗೊತ್ತಿಲ್ಲ.

ಮಳೆ ನಿಂತು ಮೊದಲ ಸಲ ಹುಲ್ಲು ಕತ್ತರಿಸಿದ ಬೆಳಿಗ್ಗೆ ನಾನು ಅಭ್ಯಾಸಬಲದಿಂದ ಬೈರಾಸು ಹಿಡಿದು ಆಚೆ ತುದಿಗೆ ಹೊರಟಿದ್ದೆ. ಗುರಪ್ಪ ಅಲ್ಲಿಂದಲೇ ಕೈಬೀಸಿ ಬೇಡ ಎಂದ. ಧ್ವಜದ ಕಂಬಕ್ಕೇ ಕಣ್ಣಿಟ್ಟು ಒಂದು ಗೆರೆ ಎಳೆದ. ನೂಲು ಹಿಡಿದ ಹಾಗೆ ಬಂತು. ಅದನ್ನು ನೋಡಿದಾಗ ನನಗೆ ಆದ ಸಂತೋಷ ನನ್ನ ರೋಲರಿನ ಮೊದಲ ಪಟ್ಟೆ ನೋಡಿದಾಗಲೂ ಆಗಿರಲಿಲ್ಲ.

ಅವನು ಗಾಡಿ ನಿಲ್ಲಿಸಿ ಇಳಿದ. ಹ್ಯಾಗಿದೆ ಎಂದು ಕೇಳುತ್ತಾನೆ ಎಂದುಕೊಂಡೆ. ಕೇಳಲಿಲ್ಲ. ಹಿಂದಕ್ಕೆ ಹೋಗಿ ರೋಲರಿನ ಎದುರು ಕುಕ್ಕರುಗಾಲಿನಲ್ಲಿ ಕುಳಿತ. ಒಂದು ಕಣ್ಣು ಮುಚ್ಚಿ ನೋಡಿದ, ಇನ್ನೊಂದು ಮುಚ್ಚಿ ನೋಡಿದ. ಗೆರೆಯ ಎಡ ಅಂಚು ನೋಡಿದ, ಮತ್ತೆ ಕೊಕ್ಕೆ ನೋಡಿದ. ಜೇಬಿನಿಂದ ದಾರ ತೆಗೆದು ಎರಡು ಕೊಕ್ಕೆಗಳಿಗೂ ಹಿಡಿದು, ನನ್ನನ್ನು ಹತ್ತಿರ ಕರೆದ. ಎಡಗಡೆಯ ಕೊಕ್ಕೆ ಬಲಗಡೆಯದಕ್ಕಿಂತ ಒಂದು ಕೊಂಡಿಯಷ್ಟು ಹಿಂದಕ್ಕಿತ್ತು. ರೋಲರ್ ಮೊದಲ ದಿನದಿಂದಲೂ ಓರೆಯಾಗಿ ಉಜ್ಜಿಕೊಂಡೇ ಬರುತ್ತಿತ್ತು. ಕುಲಕರ್ಣಿಯವರ ಸಣ್ಣ ಸೊನ್ನೆ ಅದಕ್ಕೇ ಇದ್ದದ್ದು. ನಮ್ಮ ಮನೆತನದ ಕಣ್ಣಳತೆ ಅಷ್ಟು.

ಕೊಕ್ಕೆ ಕಡಿದು ಮತ್ತೆ ಬೆಸೆಯುತ್ತೇನೆ ಎಂದೆ. ಅವನು ಬೇಡ ಎಂದ. ನಟ್ಟು ಬಿಚ್ಚುವ ಪಾನಾ ತಂದು ಎಡ ಸರಪಳಿಯಿಂದ ಒಂದು ಕೊಂಡಿ ಬಿಡಿಸಿ ತೆಗೆದ, ಮತ್ತೆ ಸಿಕ್ಕಿಸಿದ. ರೋಲರ್ ನೆಟ್ಟಗೆ ನಿಂತಿತು. ಆ ಕೊಂಡಿಯನ್ನು ಅಂಗಿಗೆ ಒರೆಸಿ ನನ್ನ ಅಂಗೈಯಲ್ಲಿಟ್ಟ.

"ಸಾಹೇಬ್ರ ಮುಂದ ನೀವು ಸುಳ್ಳ ಹೇಳಿಲ್ಲ ಬಿಡ್ರಿ, ಆಚಾರ್ರ," ಎಂದ.

ಈಗ ಅವನೂ ನಿವೃತ್ತ, ನಾನೂ ನಿವೃತ್ತ. ಕೊಂಡಿ ನಮ್ಮ ಮನೆಯ ಬೀಗದ ಕೈಯ ಜೊತೆಗಿದೆ. ರೋಲರಿಗೆ ಯಾವ ಬಣ್ಣ ಬೇಕಾದರೂ ಹೊಡೆಸಿ, ಆದರೆ ಎಡಗಡೆ ಎಂಟೇ ಇರಲಿ.